‘ನೂರಕ್ಕೆ ನೂರು ಸುಸ್ಥಿರ’ ಇಂಧನ: ಒಂದು ಜಾಹೀರಾತಿನ ವಿಮರ್ಶೆ

ಚಳಿಗಾಲದ ಬೆಳಗ್ಗೆ ಬಾಟಲಿಯಲ್ಲಿನ ಕೊಬ್ಬರಿ ಎಣ್ಣೆ ಬೆಳ್ಳಗೆ ಗಟ್ಟಿಯಾಗಿರುವುದನ್ನು ನೀವು ನೋಡಿದ್ದೀರಿ. ಸುಮಾರು 24° ಸೆ.ಗಿಂತ ಕೆಳಗೆ ಅದು ಹರಿಯುವುದಿಲ್ಲ. ಜೆಟ್ ವಿಮಾನಗಳು ಹಾರುವ ಹತ್ತು ಹನ್ನೊಂದು ಕಿಲೊಮೀಟರ್ ಎತ್ತರದಲ್ಲಿ ಹೊರಗಿನ ಗಾಳಿಯ ಉಷ್ಣತೆ ಸೊನ್ನೆಗಿಂತ 50 ಡಿಗ್ರಿಯಷ್ಟು ಕೆಳಗಿರುತ್ತದೆ. ಹೀಗಿದ್ದೂ 2008ರ ಫೆಬ್ರವರಿಯಲ್ಲಿ ವರ್ಜಿನ್ ಅಟ್ಲಾಂಟಿಕ್ ಕಂಪನಿಯ ಬೋಯಿಂಗ್ 747 ವಿಮಾನವೊಂದು ಲಂಡನ್ನಿನಿಂದ ಆಮ್‌ಸ್ಟರ್‌ಡ್ಯಾಮ್‌ಗೆ ಹಾರಿದಾಗ, ಅದರ ನಾಲ್ಕು ಎಂಜಿನ್‌ಗಳ ಪೈಕಿ ಒಂದಕ್ಕೆ ಕೊಟ್ಟ ಇಂಧನದಲ್ಲಿ ಐದನೆಯ ಒಂದು ಪಾಲು ತೆಂಗು ಮತ್ತು ಬಬಾಸು ಎಂಬ ತಾಳೆಜಾತಿಯ ಮರದ ಎಣ್ಣೆಗಳಿಂದ ಬಂದದ್ದಾಗಿತ್ತು. ಅದೇ ಕಂಪನಿ 2023ರ ನವೆಂಬರ್ 28ರಂದು ಲಂಡನ್ನಿನಿಂದ ನ್ಯೂಯಾರ್ಕಿಗೆ ಬೋಯಿಂಗ್ 787 ವಿಮಾನವನ್ನು ಹಾರಿಸಿತು. ಈ ಬಾರಿ ಎರಡೂ ಎಂಜಿನ್‌ಗಳಲ್ಲಿ ಉರಿದದ್ದು ಸುಸ್ಥಿರ ವಿಮಾನ ಇಂಧನ ಮಾತ್ರ. ಹಣ ತೆತ್ತ ಪ್ರಯಾಣಿಕರು ಅದರಲ್ಲಿರಲಿಲ್ಲ.

ಈ ಹಾರಾಟಕ್ಕೆ ಮುನ್ನ ಬ್ರಿಟನ್ನಿನ ರೇಡಿಯೊದಲ್ಲಿ ಒಂದು ಜಾಹೀರಾತು ಬಂತು. ನೂರಕ್ಕೆ ನೂರು ಸುಸ್ಥಿರ ಇಂಧನದಿಂದ ಅಟ್ಲಾಂಟಿಕ್ ದಾಟಲಿದ್ದೇವೆ ಎಂಬುದು ಅದರ ತಿರುಳು. ದೂರು ಬಂದ ಮೇಲೆ 2024ರ ಆಗಸ್ಟ್‌ನಲ್ಲಿ ಅಲ್ಲಿನ ಜಾಹೀರಾತು ಗುಣಮಟ್ಟ ಪ್ರಾಧಿಕಾರ ಈ ಜಾಹೀರಾತು ದಾರಿ ತಪ್ಪಿಸುವಂಥದ್ದೆಂದು ತೀರ್ಪು ಕೊಟ್ಟಿತು. ತೀರ್ಪು ಸರಿಯಾದದ್ದೆಂದೇ ನನ್ನ ಅಭಿಪ್ರಾಯ. ಆದರೆ ಜಾಹೀರಾತಿನಲ್ಲಿ ಸುಳ್ಳು ಅಂಕಿ ಒಂದೂ ಇರಲಿಲ್ಲ ಎಂಬುದನ್ನು ಗಮನಿಸಿ. ನಿಜವಾದ ಅಂಕಿಯೇ ತಪ್ಪು ತಿಳಿವಳಿಕೆಯನ್ನು ಹೇಗೆ ಕೊಡುತ್ತದೆ? ವಿಜ್ಞಾನದ ಅಧ್ಯಾಪಕರು ತರಗತಿಯಲ್ಲಿ ಬಿಡಿಸಿ ತೋರಿಸಬೇಕಾದ ವಿಷಯ ಇದು.

ಮೊದಲು ಇಂಧನದ ರಸಾಯನವನ್ನು ನೋಡೋಣ. ವಿಮಾನದ ಇಂಧನ ಶುದ್ಧೀಕರಿಸಿದ ಸೀಮೆಎಣ್ಣೆಯೇ. ಜೆಟ್ ಎ-1 ಎಂಬ ದರ್ಜೆಯ ಇಂಧನದ ಘನೀಕರಣ ಬಿಂದು −47° ಸೆ. ಅಥವಾ ಅದಕ್ಕಿಂತ ಕೆಳಗಿರಬೇಕು. ಎಣ್ಣೆಯ ಅಣುವಿನಲ್ಲಿ ಗ್ಲಿಸರಾಲ್‌ಗೆ ಅಂಟಿಕೊಂಡ ಮೂರು ಉದ್ದನೆಯ ಮೇದಾಮ್ಲ ಸರಪಳಿಗಳಿರುತ್ತವೆ. ಆಕ್ಸಿಜನ್ ಪರಮಾಣುಗಳೂ ಇರುತ್ತವೆ. ಅಧಿಕ ಒತ್ತಡದಲ್ಲಿ, ಕ್ರಿಯಾವರ್ಧಕದ ನೆರವಿನಿಂದ ಹೈಡ್ರೊಜನ್ ಹಾಯಿಸಿದರೆ ಆಕ್ಸಿಜನ್ ಕಳಚಿಕೊಳ್ಳುತ್ತದೆ. ಗ್ಲಿಸರಾಲ್ ಭಾಗ ಪ್ರೊಪೇನ್ ಅನಿಲವಾಗಿ ಬೇರ್ಪಟ್ಟು, ಮೂರು ಸರಪಳಿಗಳು ಹೈಡ್ರೊಕಾರ್ಬನ್‌ಗಳಾಗಿ ಉಳಿಯುತ್ತವೆ. ಇಷ್ಟಕ್ಕೇ ಕೆಲಸ ಮುಗಿಯಲಿಲ್ಲ. ಹದಿನೆಂಟು ಕಾರ್ಬನ್‌ಗಳ ನೇರ ಸರಪಳಿಯಾದ ಆಕ್ಟಡೆಕೇನ್ ಸುಮಾರು 28° ಸೆ.ನಲ್ಲೇ ಗಟ್ಟಿಯಾಗುತ್ತದೆ, ಅಂದರೆ ಕೊಬ್ಬರಿ ಎಣ್ಣೆಗಿಂತಲೂ ಬೇಗ! ಆದ್ದರಿಂದ ಸರಪಳಿಗಳನ್ನು ತುಂಡರಿಸಬೇಕು, ಕವಲೊಡೆಯುವಂತೆ ಮಾಡಬೇಕು. ಕವಲಿರುವ ಅಣುಗಳು ಒತ್ತೊತ್ತಾಗಿ ಜೋಡಿಕೊಳ್ಳಲಾರವು. ಹಾಗಾಗಿ ಸುಲಭವಾಗಿ ಹೆಪ್ಪುಗಟ್ಟುವುದಿಲ್ಲ. ಈ ವಿಧಾನದಿಂದ ತಯಾರಾದ ಇಂಧನಕ್ಕೆ 2011ರಲ್ಲಿ ಅಂತರರಾಷ್ಟ್ರೀಯ ಮಾನಕದ ಒಪ್ಪಿಗೆ ಸಿಕ್ಕಿತು. ಸಾಮಾನ್ಯ ಇಂಧನದೊಡನೆ ಅರ್ಧಕ್ಕರ್ಧದವರೆಗೆ ಬೆರೆಸಬಹುದು ಎಂಬುದು ಷರತ್ತು.

ಅರ್ಧಕ್ಕೆ ನಿಲ್ಲಿಸಿದ್ದೇಕೆ? ಕಾರಣ ಕುತೂಹಲಕರವಾಗಿದೆ. ಪೆಟ್ರೋಲಿಯಂ ಸೀಮೆಎಣ್ಣೆಯಲ್ಲಿ ಬೆನ್ಜೀನ್ ಉಂಗುರವುಳ್ಳ ಆರೊಮ್ಯಾಟಿಕ್ ಸಂಯುಕ್ತಗಳಿರುತ್ತವೆ. ಇಂಧನ ವ್ಯವಸ್ಥೆಯ ರಬ್ಬರ್ ಬಳೆಗಳು ಅವನ್ನು ಹೀರಿ ಸ್ವಲ್ಪ ಉಬ್ಬಿಕೊಂಡು ಕೀಲುಗಳನ್ನು ಬಿಗಿಯಾಗಿ ಮುಚ್ಚುತ್ತವೆ. ಎಣ್ಣೆಯಿಂದ ಬಂದ ಇಂಧನದಲ್ಲಿ ಆರೊಮ್ಯಾಟಿಕ್‌ಗಳು ಇಲ್ಲವೆನ್ನುವಷ್ಟು ಕಡಿಮೆ. ಅದನ್ನೇ ತುಂಬಿದರೆ ಹಳೆಯ ಬಳೆಗಳು ಕುಗ್ಗಿ ಇಂಧನ ಸೋರಬಹುದು. 2023ರ ಹಾರಾಟದಲ್ಲಿ ಶೇಕಡಾ 88ರಷ್ಟು ತ್ಯಾಜ್ಯ ಕೊಬ್ಬಿನಿಂದ ಮಾಡಿದ ಇಂಧನಕ್ಕೆ ಸಸ್ಯಜನ್ಯ ಸಕ್ಕರೆಯಿಂದ ತಯಾರಿಸಿದ ಶೇಕಡಾ 12ರಷ್ಟು ಆರೊಮ್ಯಾಟಿಕ್ ಸೀಮೆಎಣ್ಣೆಯನ್ನು ಬೆರೆಸಿದ್ದು ಇದಕ್ಕಾಗಿಯೇ. ಎಂಜಿನ್ನನ್ನಾಗಲಿ ವಿಮಾನವನ್ನಾಗಲಿ ಬದಲಿಸದೆ ಅಟ್ಲಾಂಟಿಕ್ ದಾಟಿದ್ದು ಎಂಜಿನಿಯರುಗಳ ನಿಜವಾದ ಸಾಧನೆ. ನನ್ನ ತಕರಾರು ಅವರ ಮೇಲಲ್ಲ.

ಈಗ ಒಂದು ಲೆಕ್ಕ ಮಾಡಿ. ಇಂಧನವನ್ನು ಡೋಡೆಕೇನ್ (ಹನ್ನೆರಡು ಕಾರ್ಬನ್, ಇಪ್ಪತ್ತಾರು ಹೈಡ್ರೊಜನ್) ಎಂದಿಟ್ಟುಕೊಳ್ಳೋಣ. ಅದರ ಅಣುತೂಕ 170. ಉರಿದಾಗ ಬರುವ ಹನ್ನೆರಡು ಕಾರ್ಬನ್ ಡೈಆಕ್ಸೈಡ್ ಅಣುಗಳ ತೂಕ 528. ಅಂದರೆ ಒಂದು ಕಿಲೊ ಇಂಧನಕ್ಕೆ ಸುಮಾರು 3.1 ಕಿಲೊ ಕಾರ್ಬನ್ ಡೈಆಕ್ಸೈಡ್. ಈ ಡೋಡೆಕೇನ್ ಅರಬ್ಬೀ ಮರುಭೂಮಿಯ ತೈಲಬಾವಿಯಿಂದ ಬಂದದ್ದೋ, ಬಜ್ಜಿ ಕರಿದ ಬಾಣಲೆಯಿಂದ ಬಂದದ್ದೋ, ಲೆಕ್ಕದಲ್ಲಿ ಒಂದಿಷ್ಟೂ ವ್ಯತ್ಯಾಸವಿಲ್ಲ. ಎಂಜಿನ್ನಿನ ಬಾಲದಲ್ಲಿ ನಿಂತು ಅಳೆದರೆ ಎರಡೂ ಒಂದೇ. ವ್ಯತ್ಯಾಸವಿರುವುದು ಕಾರ್ಬನ್ನಿನ ಹಿಂದಿನ ಚರಿತ್ರೆಯಲ್ಲಿ. ಗಿಡ ಒಂದೆರಡು ವರ್ಷಗಳ ಹಿಂದೆ ಗಾಳಿಯಿಂದ ಪಡೆದ ಕಾರ್ಬನ್ ಗಾಳಿಗೇ ಮರಳಿದರೆ ಹೊಸದಾಗಿ ಸೇರಿದಂತಾಗುವುದಿಲ್ಲ. ಕೋಟ್ಯಂತರ ವರ್ಷ ನೆಲದಡಿ ಹುದುಗಿದ್ದ ಕಾರ್ಬನ್ ಹೊರಬಂದರೆ ಅದು ಹೆಚ್ಚುವರಿ ಹೊರೆ. ಆದರೆ ಗಿಡ ಬೆಳೆಸಲು ಹಾಕಿದ ಗೊಬ್ಬರ, ಹೈಡ್ರೊಜನ್ ತಯಾರಿಕೆ, ಸಾಗಣೆ, ಸಂಸ್ಕರಣೆ ಎಲ್ಲಕ್ಕೂ ಶಕ್ತಿ ಬೇಕಲ್ಲವೆ? ಅದನ್ನೆಲ್ಲ ಕಳೆದ ಮೇಲೆ ಉಳಿದ ಉಳಿತಾಯ ಶೇಕಡಾ 64 ಎಂದು ಆ ಯೋಜನೆಯ ವರದಿಯೇ ಹೇಳಿತು. ಇಂಧನದಲ್ಲಿ ‘ಸುಸ್ಥಿರ’ ಪದಾರ್ಥದ ಪಾಲು ನೂರು. ಹವಾಮಾನಕ್ಕೆ ಆದ ಲಾಭ ಅರವತ್ತನಾಲ್ಕು. ರೇಡಿಯೊ ಕೇಳುಗನ ಕಿವಿಗೆ ಬಿದ್ದದ್ದು ಮೊದಲಿನ ಸಂಖ್ಯೆ, ಮನಸ್ಸಿನಲ್ಲಿ ಉಳಿದದ್ದು ‘ಏನೂ ಹಾನಿಯಿಲ್ಲ’ ಎಂಬ ಭಾವನೆ. ತಪ್ಪು ಇರುವುದು ಇಲ್ಲಿ.

ಶಾಲೆಯೊಂದರ ವಿಜ್ಞಾನ ಪ್ರದರ್ಶನದಲ್ಲಿ ಥರ್ಮೊಕೋಲಿನ ವಿಮಾನದ ಪಕ್ಕ ‘ಹೊಗೆ ಇಲ್ಲ, ಕಾರ್ಬನ್ ಇಲ್ಲ’ ಎಂದು ಬರೆದಿದ್ದ ಫಲಕ ನೋಡಿದ್ದೆ. ಬರೆದ ಹುಡುಗಿಯನ್ನು ದೂರಿ ಫಲವಿಲ್ಲ. ಪತ್ರಿಕೆಯಲ್ಲಿ ಓದಿದ್ದನ್ನೇ ಅವಳು ಬರೆದಿದ್ದಳು. (ಹೊಗೆಯ ವಿಷಯದಲ್ಲಿ ಅವಳು ಸತ್ಯಕ್ಕೆ ಹತ್ತಿರವೇ ಇದ್ದಳು. ಆರೊಮ್ಯಾಟಿಕ್‌ಗಳು ಕಡಿಮೆಯಾದಷ್ಟೂ ಮಸಿ ಕಡಿಮೆ.)

ಇನ್ನು ಪ್ರಮಾಣದ ಪ್ರಶ್ನೆ. ಅಂತರರಾಷ್ಟ್ರೀಯ ವಿಮಾನ ಸಾರಿಗೆ ಸಂಘದ ಪ್ರಕಾರ 2024ರಲ್ಲಿ ಪ್ರಪಂಚದಲ್ಲೆಲ್ಲ ತಯಾರಾದ ಇಂಥ ಇಂಧನ 10 ಲಕ್ಷ ಟನ್. ಒಟ್ಟು ವಿಮಾನ ಇಂಧನದಲ್ಲಿ ಶೇಕಡಾ 0.3. ಎಂದರೆ ವರ್ಷಕ್ಕೆ 30 ಕೋಟಿ ಟನ್ನಿಗೂ ಹೆಚ್ಚು ಬೇಕು. ಎಣ್ಣೆ ಬೆಳೆಗಳಲ್ಲಿ ಅತಿ ಹೆಚ್ಚು ಇಳುವರಿಯ ತಾಳೆ ಹೆಕ್ಟೇರಿಗೆ ಸುಮಾರು 4 ಟನ್ ಎಣ್ಣೆ ಕೊಡುತ್ತದೆ ಎನ್ನೋಣ. ಎಣ್ಣೆಯೆಲ್ಲ ಇಂಧನವಾಯಿತೆಂದುಕೊಂಡರೂ (ಆಗುವುದಿಲ್ಲ) ಏಳೂವರೆ ಕೋಟಿ ಹೆಕ್ಟೇರ್ ಬೇಕು. ಕರ್ನಾಟಕದ ಒಟ್ಟು ವಿಸ್ತೀರ್ಣ 1.92 ಕೋಟಿ ಹೆಕ್ಟೇರ್. ನಾಲ್ಕು ಕರ್ನಾಟಕಗಳನ್ನು ಬೆಟ್ಟ, ಕಾಡು, ಊರು ಬಿಡದೆ ತಾಳೆತೋಟ ಮಾಡಬೇಕು! ಕಾಡು ಕಡಿದು ತೋಟ ಮಾಡಿದರೆ ಕಾರ್ಬನ್ ಉಳಿತಾಯದ ಮಾತೇ ಉಳಿಯದು.

ಬಂಜರು ಭೂಮಿಯಲ್ಲಿ ಬೆಳೆಯೋಣ ಎನ್ನುವವರಿಗೆ ಜಟ್ರೋಫಾದ ಕಥೆ ನೆನಪಿಸಬೇಕು. 2003ರಲ್ಲಿ ಯೋಜನಾ ಆಯೋಗದ ಸಮಿತಿ ಈ ಗಿಡವನ್ನು ನಂಬಿ, 2011-12ರ ಹೊತ್ತಿಗೆ ಡೀಸೆಲ್ಲಿಗೆ ಶೇಕಡಾ 20ರಷ್ಟು ಜೈವಿಕ ಡೀಸೆಲ್ ಬೆರೆಸುವ ಕನಸು ಕಂಡಿತ್ತು. ಅದು ಕೈಗೂಡಲಿಲ್ಲ. ಬಂಜರಿನಲ್ಲಿ ಗಿಡ ಬದುಕಿತೇ ಹೊರತು ಕಾಯಿ ಸಾಲಲಿಲ್ಲ. ಕಾಯಿ ಬೇಕೆಂದರೆ ನೀರು, ಗೊಬ್ಬರ ಬೇಕಾಯಿತು. ಮುಂದೆ 2018ರ ಆಗಸ್ಟ್ 27ರಂದು ಡೆಹರಾಡೂನಿನ ಭಾರತೀಯ ಪೆಟ್ರೋಲಿಯಂ ಸಂಸ್ಥೆ ತಯಾರಿಸಿದ ಜಟ್ರೋಫಾ ಇಂಧನವನ್ನು ಶೇಕಡಾ 25ರಷ್ಟು ಬೆರೆಸಿ ಸ್ಪೈಸ್‌ಜೆಟ್ ವಿಮಾನ ಡೆಹರಾಡೂನಿನಿಂದ ದೆಹಲಿಗೆ ಬಂತು. ತಂತ್ರಜ್ಞಾನ ನಮ್ಮಲ್ಲಿದೆ ಎಂಬುದು ಅಂದೇ ಸಾಬೀತಾಯಿತು. ಕೊರತೆ ಇದ್ದದ್ದು ಎಣ್ಣೆಯದು.

ಹೊಲವೂ ಬೇಡ, ಎಣ್ಣೆಯೂ ಬೇಡ. ನೀರನ್ನು ವಿದ್ಯುತ್ತಿನಿಂದ ಒಡೆದು ಹೈಡ್ರೊಜನ್ ಪಡೆದು, ಕಾರ್ಬನ್ ಡೈಆಕ್ಸೈಡಿನೊಡನೆ ಕೂಡಿಸಿ ಇಂಧನ ಮಾಡೋಣ ಎಂಬ ದಾರಿಯೂ ಇದೆ. ರಸಾಯನಶಾಸ್ತ್ರ ಇದನ್ನು ಒಪ್ಪುತ್ತದೆ. ಆದರೆ ಹಾಕಿದ ವಿದ್ಯುಚ್ಛಕ್ತಿಯಲ್ಲಿ ಅರ್ಧದಷ್ಟು ದಾರಿಯಲ್ಲೇ ಸೋರಿಹೋಗುತ್ತದೆ. ಆ ವಿದ್ಯುತ್ತು ಕಲ್ಲಿದ್ದಲಿನದಾದರೆ ಇಡೀ ಯತ್ನವೇ ವ್ಯರ್ಥ.

ಐರೋಪ್ಯ ಒಕ್ಕೂಟ 2025ರಿಂದ ಶೇಕಡಾ 2ರಷ್ಟು ಮಿಶ್ರಣವನ್ನು ಕಡ್ಡಾಯ ಮಾಡಿತು. 2050ಕ್ಕೆ ಶೇಕಡಾ 70 ಅದರ ಗುರಿ. ನಮ್ಮ ದೇಶ ಅಂತರರಾಷ್ಟ್ರೀಯ ಹಾರಾಟಗಳಿಗಾಗಿ 2027ಕ್ಕೆ ಶೇಕಡಾ 1, 2028ಕ್ಕೆ 2, 2030ಕ್ಕೆ 5 ಎಂಬ ಗುರಿಯನ್ನು ಇಟ್ಟುಕೊಂಡಿದೆ. ಇವು ಚಿಕ್ಕ ಸಂಖ್ಯೆಗಳೆಂದು ಮೂಗು ಮುರಿಯಬೇಡಿ. ಜಾಹೀರಾತಿನ ನೂರಕ್ಕಿಂತ ಈ ಒಂದು ಹೆಚ್ಚು ಪ್ರಾಮಾಣಿಕವಾದದ್ದು. ಅದನ್ನು ಮುಟ್ಟುವ ದಾರಿಯೂ ಕಣ್ಣೆದುರಿಗಿದೆ. ಪದೇ ಪದೇ ಕಾಯಿಸಿದ ಎಣ್ಣೆಯಲ್ಲಿ ಧ್ರುವೀಯ ಸಂಯುಕ್ತಗಳು ಶೇಕಡಾ 25 ಮೀರಿದರೆ ಅದು ಅಡುಗೆಗೆ ಸಲ್ಲದು ಎಂಬ ನಿಯಮ 2018ರಿಂದ ಇದೆ. ಇಂಥ ಎಣ್ಣೆಯನ್ನು ಹೋಟೆಲುಗಳಿಂದ, ವಿದ್ಯಾರ್ಥಿ ನಿಲಯಗಳಿಂದ ಸಂಗ್ರಹಿಸಿ ರಿಫೈನರಿಗೆ ಕಳಿಸಬಹುದು. ಪಾಣಿಪತ್‌ನ ರಿಫೈನರಿ ಈ ಬಗೆಯ ಉತ್ಪಾದನೆಗೆ 2025ರಲ್ಲಿ ಅಂತರರಾಷ್ಟ್ರೀಯ ಪ್ರಮಾಣಪತ್ರ ಪಡೆಯಿತು. ಈಗ ಆ ಎಣ್ಣೆಯ ಬಹುಪಾಲು ಎಲ್ಲಿಗೆ ಹೋಗುತ್ತಿದೆ? ನಿಮ್ಮ ಊರಿನ ಯಾವುದಾದರೂ ದೊಡ್ಡ ಹೋಟೆಲಿನ ಅಡುಗೆಮನೆಯಲ್ಲಿ ವಿಚಾರಿಸಿ ನೋಡಿ: ದಿನಕ್ಕೆ ಎಷ್ಟು ಲೀಟರ್ ಉಳಿಯುತ್ತದೆ, ಯಾರು ಕೊಂಡೊಯ್ಯುತ್ತಾರೆ, ಎಷ್ಟಕ್ಕೆ. ಮುಂದಿನ ಪ್ರದರ್ಶನದ ಫಲಕಕ್ಕೆ ಆ ಮೂರು ಅಂಕಿಗಳೇ ಸಾಕು.