ಗುಮ್ಮಟ ನೋಡಿದವರು ಬಾವಡಿ ನೋಡಲಿಲ್ಲ

ಮಹಾರಾಷ್ಟ್ರದ ಜತ್ತ ತಾಲೂಕಿನವರಿಗೆ ಸ್ವಂತ ಜಿಲ್ಲಾ ಕೇಂದ್ರವಾದ ಸಾಂಗ್ಲಿಗಿಂತ ಕರ್ನಾಟಕದ ವಿಜಯಪುರವೇ ಹತ್ತಿರ. ಜತ್ತ ಪಟ್ಟಣದಿಂದ ಸುಮಾರು 65 ಕಿಲೋಮೀಟರ್. ಉಮದಿ ಕಡೆಯ ಹಳ್ಳಿಗಳಿಂದ ಇನ್ನೂ ಕಡಿಮೆ. ಗುಡ್ಡಾಪುರದ ದಾನಮ್ಮನ ದರ್ಶನಕ್ಕೆ ಆ ಕಡೆಯವರು ಈ ಕಡೆ ಬರುತ್ತಾರೆ. ದವಾಖಾನೆ, ಬಟ್ಟೆ ಖರೀದಿ, ಬೀಗರ ಮನೆ ಎಂದು ಈ ಕಡೆಯವರು ಆ ಕಡೆ ಹೋಗುತ್ತಾರೆ. ಹೀಗೆ ಕೆಲಸಕ್ಕೆ ಹೋಗಿಬರುವ ಊರನ್ನು ನೋಡಲೆಂದೇ ಹೋಗುವ ದಿನವೂ ಒಂದಿದೆ. ಶಾಲೆಯ ಸಹಲು ಹೊರಟ ದಿನ, ಇಲ್ಲವೇ ನೆಂಟರು ಬಂದಾಗ ಜೀಪು ಗೊತ್ತುಮಾಡಿ, ರೊಟ್ಟಿ ಬುತ್ತಿ ಕಟ್ಟಿಕೊಂಡು ಹೊರಟ ದಿನ.

ಆ ದಿನದ ಪಟ್ಟಿ ಬಹುತೇಕ ಎಲ್ಲರಿಗೂ ಒಂದೇ. ಬೆಳಿಗ್ಗೆ ಗೋಳಗುಮ್ಮಟ; ಆಮೇಲೆ ಜುಮ್ಮಾ ಮಸೀದಿ, ಬಾರಾ ಕಮಾನ್, ಮಲಿಕ್-ಎ-ಮೈದಾನ್ ತೋಪು; ಹೊತ್ತು ಇಳಿಯುವಾಗ ಇಬ್ರಾಹಿಂ ರೋಜಾ. ಇನ್ನೂ ಸಮಯವಿದ್ದರೆ ಶಿವಗಿರಿಯ 85 ಅಡಿಯ ಶಿವ. ಈ ಪಟ್ಟಿಯನ್ನೇ ಒಂದು ಕೃತಿಯೆಂದು ಓದಿದರೆ ಅದರ ರುಚಿ ಕೂಡಲೇ ತಿಳಿಯುತ್ತದೆ. ದೊಡ್ಡದು, ಎತ್ತರದ್ದು, ಸದ್ದು ಮಾಡುವುದು: ಇವೇ ಅದರ ಅಳತೆಗೋಲು.

ಗೋಳಗುಮ್ಮಟ ಆ ಅಳತೆಯಲ್ಲಿ ಸೋಲುವ ಕಟ್ಟಡವಲ್ಲ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಈ ಗೋರಿಯ ಗುಮ್ಮಟಕ್ಕೆ ಹೊರಗಿನಿಂದ ಸುಮಾರು 44 ಮೀಟರ್ ವ್ಯಾಸ. ಒಳಗೆ ಒಂದೇ ಒಂದು ಕಂಬವಿಲ್ಲ. ಎಂಟು ಕಮಾನುಗಳು ಒಂದನ್ನೊಂದು ಕತ್ತರಿಸುತ್ತ ಮೇಲೇರಿ, ಕೆಳಗಿನ ಚೌಕವನ್ನು ಮೇಲಿನ ವೃತ್ತಕ್ಕೆ ಒಯ್ದು ಮುಟ್ಟಿಸುತ್ತವೆ. ಗುಮ್ಮಟದ ಭಾರ ನಿಂತಿರುವುದು ಈ ಹೆಣಿಗೆಯ ಮೇಲೆ. ನೆಲದ ನಡುವೆ ನಿಂತು ಕತ್ತೆತ್ತಿದರೆ ಸಾಕು, ಆ ಲೆಕ್ಕ ಬಿಡಿಸಿಟ್ಟಂತೆ ಕಾಣುತ್ತದೆ. ಆದರೆ ಅಲ್ಲಿ ನಿಲ್ಲುವವರು ಕಡಿಮೆ. ಮೂಲೆಯ ಮಿನಾರಿನ ಕಡಿದಾದ ಮೆಟ್ಟಿಲೇರಿ, ಏದುಸಿರು ಬಿಡುತ್ತ ಪಿಸುಮಾತಿನ ಗ್ಯಾಲರಿ ಮುಟ್ಟುವ ಅವಸರ ಎಲ್ಲರಿಗೂ. ಅಲ್ಲಿ ಗೋಡೆಗೆ ಬಾಯಿ ಹಚ್ಚಿ ಮೆಲ್ಲಗೆ ಆಡಿದ ಮಾತು ಎದುರು ಬದಿಯ ಕಿವಿಗೆ ತಲುಪಬೇಕು. ಅದೇ ಆ ಜಾಗದ ಸೋಜಿಗ. ನಡೆಯುವುದು ಕೂಗಾಟ, ಸಿಳ್ಳೆ, ಚಪ್ಪಾಳೆ. ಒಂದೇ ಸಲ ನಾಲ್ಕು ಶಾಲೆಯ ಮಕ್ಕಳು ಅರಚಿದರೆ ಏಳು ಪ್ರತಿಧ್ವನಿಯೋ ಹತ್ತೋ ಎಂದು ಎಣಿಸುವುದು ಯಾರಿಂದಲೂ ಆಗದು. ಪಿಸುಮಾತಿಗೆ ಹೆಸರಾದ ಜಾಗದಲ್ಲಿ ಪಿಸುಮಾತೊಂದೇ ಕೇಳಿಸುವುದಿಲ್ಲ.

ಸದ್ದಿನ ಚಟ ಕಥೆಗಳಿಗೂ ಅಂಟಿದೆ. ಬಾರಾ ಕಮಾನಿನ ಅರ್ಧಕ್ಕೆ ನಿಂತ ಕಮಾನುಗಳ ಕೆಳಗೆ ಬಹಳ ಸಲ ಕೇಳಿಬರುವ ಕಥೆ ಇದು: ಮಗನ ಗೋರಿಯ ನೆರಳು ಗೋಳಗುಮ್ಮಟದ ಮೇಲೆ ಬಿದ್ದೀತೆಂದು ತಂದೆಯೇ ಮಗನನ್ನು ಕೊಲ್ಲಿಸಿದನಂತೆ. ಕೇಳಲು ರೋಚಕ, ಲೆಕ್ಕ ಮಾತ್ರ ಕೂಡುವುದಿಲ್ಲ. ತಂದೆ ಮುಹಮ್ಮದ್ ಸತ್ತದ್ದು 1656ರಲ್ಲಿ. ಆಮೇಲೆ ಪಟ್ಟಕ್ಕೆ ಬಂದ, ಈ ಗೋರಿ ಕಟ್ಟಿಸಿದ ಮಗ ಎರಡನೆಯ ಅಲಿ ಆದಿಲ್ ಶಾಹ 1672ರವರೆಗೆ ಆಳಿದ. ಸತ್ತು ಹದಿನಾರು ವರ್ಷವಾದ ಅಪ್ಪ ಮಗನನ್ನು ಕೊಲ್ಲಿಸುವುದು ಹೇಗೆ? ಮಲಿಕ್-ಎ-ಮೈದಾನದ ಬಳಿ ತೂಕ ಹೇಳಿದರೆ, ಅಂದರೆ ಸುಮಾರು 55 ಟನ್ ಎಂದರೆ, ಮಾತು ಮುಗಿಯಿತು. ಅದನ್ನು 1549ರಲ್ಲಿ ಅಹ್ಮದನಗರದಲ್ಲಿ ಎರಕ ಹೊಯ್ದರು ಎನ್ನುವುದೂ, ಸಿಂಹವೊಂದು ಆನೆಯನ್ನು ಕಚ್ಚಿಹಿಡಿದಂತೆ ಅದರ ಬಾಯಿಯನ್ನು ಕಡೆದಿರುವ ಕುಸುರಿಯೂ, 1854ರಲ್ಲಿ ಇದೇ ತೋಪು 150 ರೂಪಾಯಿಗೆ ಹರಾಜಾಗಿ, ಆ ಹರಾಜು ರದ್ದಾದದ್ದರಿಂದ ಉಳಿಯಿತೆನ್ನುವುದೂ ತೂಕಕ್ಕಿಂತ ಎಷ್ಟೋ ಹೆಚ್ಚು ರುಚಿಯಾದ ಸಂಗತಿಗಳು.

ಪಟ್ಟಿಯ ಕ್ರಮದಿಂದ ಹೆಚ್ಚು ನಷ್ಟವಾದದ್ದು ಇಬ್ರಾಹಿಂ ರೋಜಾಕ್ಕೆ. ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಕಾಲದ ಈ ಗೋರಿ ಮತ್ತು ಮಸೀದಿ ಒಂದೇ ಕಟ್ಟೆಯ ಮೇಲೆ ಎದುರುಬದುರಾಗಿ ನಿಂತಿವೆ. ಶಿಲ್ಪಿ ಮಲಿಕ್ ಸಂದಲ್. ರಾಣಿ ತಾಜ್ ಸುಲ್ತಾನಳಿಗೆಂದು ಶುರುವಾದ ಗೋರಿಗೆ 1627ರಲ್ಲಿ ಮೊದಲು ಬಂದವನು ಇಬ್ರಾಹಿಮನೇ. ಕಿಟಕಿಯ ಕಲ್ಲಿನಲ್ಲಿ ಅಕ್ಷರಗಳನ್ನೇ ಜಾಲರಿಯಾಗಿ ಕೊರೆದಿದ್ದಾರೆ. ಬೆಳಕು ಅಕ್ಷರಗಳ ಸಂದಿಯಿಂದ ಒಳಗೆ ಇಳಿಯುತ್ತದೆ. ಗೋಳಗುಮ್ಮಟವನ್ನು ದೂರದಿಂದ ನೋಡಬೇಕು, ಇದನ್ನು ಮೊಳ ದೂರದಿಂದ ನೋಡಬೇಕು. ಪಟ್ಟಿಯ ಕೊನೆಗೆ ಬರುವ ಹೊತ್ತಿಗೆ ಮಕ್ಕಳ ಕಾಲು ಸೋತಿರುತ್ತವೆ, ದೊಡ್ಡವರಿಗೆ ಚಹಾದ ನೆನಪಾಗಿರುತ್ತದೆ. ‘ತಾಜಮಹಲಿಗೆ ಇದೇ ಸ್ಫೂರ್ತಿ’ ಎಂಬ ಒಂದು ಮಾತು ಕೇಳಿ, ಒಂದು ಫೋಟೋ ತೆಗೆದು ಎಲ್ಲರೂ ಗಾಡಿ ಹತ್ತುತ್ತಾರೆ. ಆಗ್ರಾದ ಹೆಸರು ಹೇಳದೆ ಈ ಕಟ್ಟಡವನ್ನು ಮೆಚ್ಚಲು ಬಾರದೇ?

ಜತ್ತದಿಂದ ಹೋದವರಿಗೆ ವಿಜಯಪುರ ಬೇರೆಯವರ ಊರೂ ಅಲ್ಲ. ಜತ್ತ ಸಂಸ್ಥಾನವನ್ನು ಆಳಿದ ಡಫಳೆ ಮನೆತನದ ಮೂಲಪುರುಷ, ಡಫಳಾಪುರದ ಪಾಟೀಲ ಸತ್ವಾಜಿರಾವ್ ಚವ್ಹಾಣರಿಗೆ ದೇಶಮುಖಿ ಕೊಟ್ಟದ್ದು ಇದೇ ಆದಿಲ್‌ಶಾಹಿ ದರಬಾರು. ಜತ್ತ ಭಾಗದ ಕನ್ನಡ ಶಾಲೆಯ ಮಕ್ಕಳು ಬಾಲಭಾರತಿಯ ಕನ್ನಡ ಪಠ್ಯಪುಸ್ತಕದಲ್ಲಿ ಶಿವಾಜಿ ಮಹಾರಾಜರ ಚರಿತ್ರೆ ಓದಿ ಬಂದಿರುತ್ತಾರೆ. ಅವರ ಕಣ್ಣಿಗೆ ವಿಜಯಪುರವೆಂದರೆ ಶಿವಾಜಿಯ ಮೇಲೆ ಅಫಜಲಖಾನ ಹೊರಟ ಊರು. ಶಿವಾಜಿಯ ತಂದೆ ಶಹಾಜಿ ಇದೇ ದರಬಾರಿನ ಸರದಾರರಾಗಿದ್ದರು, ಬೆಂಗಳೂರಿನ ಜಹಗೀರು ಅವರಿಗೆ ಸಿಕ್ಕಿದ್ದು ಇಲ್ಲಿಂದಲೇ ಎಂದು ಅಲ್ಲೇ ನಿಂತು ಹೇಳಿದರೆ, ಪಾಠದ ಎರಡು ತುದಿ ಅವರಿಗೆ ಕೂಡಿಬಂದಾವು.

ಇಷ್ಟೆಲ್ಲ ಹೇಳಿದ ಮೇಲೂ ಈ ಪಟ್ಟಿಯ ಮೇಲಿರುವ ದೊಡ್ಡ ದೂರು ಬೇರೆ. ಅದರಲ್ಲಿ ನೀರಿಲ್ಲ.

ಜತ್ತದವರಿಗೆ ನೀರಿನ ಬೆಲೆ ಹೇಳಿಕೊಡಬೇಕಿಲ್ಲ. ಕುಡಿಯಲು, ಹೊಲಕ್ಕೆ ನೀರು ಸಿಗದೆಂದು ಈ ತಾಲೂಕಿನ ಗಡಿಹಳ್ಳಿಗಳು 2012ರಲ್ಲಿ ಕರ್ನಾಟಕಕ್ಕೆ ಸೇರುವ ಠರಾವು ಮಾಡಿದ್ದವು. 2022ರಲ್ಲಿ ಅದೇ ಮಾತು ಎರಡೂ ರಾಜ್ಯಗಳ ವಿಧಾನಸಭೆಗಳವರೆಗೆ ಹೋಯಿತು. ಅಂಥ ಊರಿನವರು, ತಮ್ಮಷ್ಟೇ ಬರಗಾಲದ ಸೀಮೆಯಲ್ಲಿ ಲಕ್ಷಾಂತರ ಜನರ ರಾಜಧಾನಿಯನ್ನು ಸಾಕಿದ ಊರಿಗೆ ಹೋಗಿ, ಅದು ಹೇಗೆ ಸಾಕಿತೆಂದು ಕೇಳದೆ ಮರಳುತ್ತಾರೆ. ಉತ್ತರ ಊರ ತುಂಬ ಇದೆ. ಪಶ್ಚಿಮದ ತೊರವಿಯಿಂದ ನೆಲದಡಿಯ ಸುರಂಗದಲ್ಲಿ ನೀರು ಬರುತ್ತಿತ್ತು; ಒಂದನೆಯ ಅಲಿ ಆದಿಲ್ ಶಾಹನ ಕಾಲದಲ್ಲಿ ಆರಂಭವಾದ ಏರ್ಪಾಡು ಇದು. ದಕ್ಷಿಣಕ್ಕೆ 1651ರ ಬೇಗಂ ತಲಾಬ. ಅಲ್ಲಿಂದ ಗಾರೆಯಲ್ಲಿ ಹುದುಗಿಸಿದ ಮಣ್ಣಿನ ಕೊಳವೆಗಳು ಊರಿಗೆ ಹೊರಡುತ್ತಿದ್ದವು. ಒತ್ತಡಕ್ಕೆ ಕೊಳವೆ ಒಡೆಯದಿರಲೆಂದು ನಡುನಡುವೆ ಕಲ್ಲಿನ ಗೋಪುರಗಳು. ಅವಕ್ಕೆ ಗಂಜ್ ಎನ್ನುತ್ತಾರೆ. ನೀರು ಗಂಜಿನೊಳಗೆ ಏರಿ, ಹೂಳನ್ನು ತಳಕ್ಕೆ ಬಿಟ್ಟು, ಮುಂದಿನ ಕೊಳವೆಗೆ ಇಳಿಯುತ್ತಿತ್ತು. ವಿಜಯಪುರದ ಬೀದಿಗಳಲ್ಲಿ ಇವು ಇಂದೂ ನಿಂತಿವೆ. ಪ್ರವಾಸಿಯ ಜೀಪು ಪಕ್ಕದಲ್ಲೇ ಹಾದುಹೋಗುತ್ತದೆ, ಯಾರೂ ಬೆರಳು ತೋರಿಸುವುದಿಲ್ಲ.

ತಾಜ್ ಬಾವಡಿಯಂತೂ ಮರೆಯಲ್ಲಿಲ್ಲ. ಮಕ್ಕಾ ದರವಾಜದ ಒಳಗೆ, 1620ರ ಸುಮಾರಿಗೆ ಕಟ್ಟಿದ ಈ ಬಾವಡಿಯ ಮುಂದೆ ಭಾರಿ ಕಮಾನು, ಅದರ ಎರಡೂ ಬದಿಗೆ ಎಂಟು ಮೂಲೆಯ ಗೋಪುರ. ಕಮಾನು ದಾಟಿ ಮೆಟ್ಟಿಲಿಳಿದರೆ ಸುಮಾರು 223 ಅಡಿ ಚೌಕದ ಕೊಳ. ಅರಮನೆಗೆ ಕೊಟ್ಟಷ್ಟೇ ಗತ್ತನ್ನು ಬಾವಿಗೂ ಕೊಟ್ಟ ಕಾಲದ ಸಾಕ್ಷಿ ಇದು. ಪೂರ್ವಕ್ಕಿರುವ 1579ರ ಚಾಂದ್ ಬಾವಡಿ ಇದಕ್ಕಿಂತ ಹಳೆಯದು, ಸಣ್ಣದು.

ತಪ್ಪು ನೋಡುಗರದ್ದಷ್ಟೇ ಎನ್ನುವುದು ಅನ್ಯಾಯ. ಟಿಕೆಟು, ಹುಲ್ಲುಹಾಸು, ಫಲಕ, ವಾಹನ ನಿಲ್ದಾಣ ಇರುವಲ್ಲಿಗೆ ಜನ ಹೋಗುತ್ತಾರೆ. ಗಣಪತಿ ವಿಸರ್ಜನೆಯ ಗುಂಡಿಯಾಗಿ, ಕಸದ ತೊಟ್ಟಿಯಾಗಿ ವರ್ಷಗಟ್ಟಲೆ ಕೊಳೆತ ಬಾವಡಿಗೆ ಮೂಗು ಹಿಡಿದುಕೊಂಡು ಯಾರು ಇಳಿದಾರು? ಹೂಳೆತ್ತಿದ ಮೇಲೆ ಕೆಲವು ಬಾವಡಿಗಳಲ್ಲಿ ನೀರು ತಿಳಿಯಾದದ್ದುಂಟು. ಪಟ್ಟಿಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಒಂದೇ ದಿನ ಕೈಯಲ್ಲಿರುವ ಸಹಲಿಗೂ ಬೇರೆ ಕ್ರಮ ಸಾಧ್ಯ. ಗೋಳಗುಮ್ಮಟದ ಬಾಗಿಲು ತೆರೆದ ಕೂಡಲೇ ಒಳಗೆ ಹೋದರೆ ಪಿಸುಮಾತು ಕೇಳಿಸುವಷ್ಟು ಮೌನ ಸಿಗುತ್ತದೆ; ಎದುರಿನ ನಗಾರಖಾನೆಯ ವಸ್ತುಸಂಗ್ರಹಾಲಯಕ್ಕೂ ಒಂದು ತಾಸು ಉಳಿಯುತ್ತದೆ. ನೆತ್ತಿಯ ಬಿಸಿಲಿಗೆ ಇಬ್ರಾಹಿಂ ರೋಜಾದ ಮೊಗಸಾಲೆಯಷ್ಟು ತಂಪು ಬೇರೆಲ್ಲಿಲ್ಲ, ಬುತ್ತಿ ಬಿಚ್ಚುವ ಮುನ್ನ ಕಾಲು ಸೋಲದೆ ಅದನ್ನು ನೋಡಬಹುದು. ತಾಜ್ ಬಾವಡಿ ಅಲ್ಲಿಂದ ಕೂಗಳತೆ. ತೊರವಿ ಇರುವುದು ಊರಿನ ಪಶ್ಚಿಮಕ್ಕೆ, ಜತ್ತ ಇರುವುದೂ ಪಶ್ಚಿಮಕ್ಕೇ. ಸಂಜೆ ಮನೆಯ ಕಡೆ ತಿರುಗಿದ ಗಾಡಿ ಅಲ್ಲೊಂದು ಗಳಿಗೆ ನಿಂತರೆ, ನಾಲ್ಕು ಶತಮಾನದ ಹಿಂದೆ ನೀರು ಯಾವ ದಿಕ್ಕಿನಿಂದ ಊರೊಳಗೆ ಬರುತ್ತಿತ್ತು ಎಂದು ಮಾಸ್ತರರು ಕೈಮಾಡಿ ತೋರಿಸಬಹುದು.