ಭಯ ಕಲಿಸಿದ ಭಕ್ತಿ

ಜೇಮ್ಸ್ ಜಾಯ್ಸ್‌ನ ‘ಎ ಪೋರ್ಟ್ರೇಟ್ ಆಫ್ ದಿ ಆರ್ಟಿಸ್ಟ್ ಆ್ಯಸ್ ಎ ಯಂಗ್ ಮ್ಯಾನ್’ 1916ರಲ್ಲಿ ಪುಸ್ತಕವಾಗಿ ಬಂತು. ಧರ್ಮದ ಕಟ್ಟು ಹರಿದುಕೊಂಡ ಕಲಾವಿದನ ಕತೆಯೆಂದು ಇದನ್ನು ಓದುವ ರೂಢಿಯಿದೆ. ಒಂದು ಕಡೆ ಚರ್ಚು, ಇನ್ನೊಂದು ಕಡೆ ಹರೆಯ. ಕೊನೆಗೆ ಹರೆಯ ಗೆದ್ದಿತು ಎಂಬಷ್ಟು ಸರಳವಾಗಿ. ಆದರೆ ಕಾದಂಬರಿಯ ಮೂರು, ನಾಲ್ಕನೆಯ ಅಧ್ಯಾಯಗಳನ್ನು ನಿಧಾನವಾಗಿ ಓದಿದರೆ ಈ ಲೆಕ್ಕ ತಪ್ಪುತ್ತದೆ. ಅಲ್ಲಿ ಹುಡುಗನ ಕಾಮನೆಯೊಡನೆ ಸೆಣಸುವುದು ಭಯ. ವಿಶ್ವಾಸಕ್ಕೆ ಬಾಯಿ ತೆರೆಯಲು ಸಿಕ್ಕಿದ ಅವಕಾಶವೇ ಕಡಿಮೆ.

ಸ್ಟೀಫನ್ ಡೆಡಾಲಸ್ ಡಬ್ಲಿನ್‌ನ ಬೆಲ್ವೆಡಿಯರ್ ಕಾಲೇಜಿನ ಹುಡುಗ. ಜಾಯ್ಸ್ ಕೂಡ ಓದಿದ ಜೆಸ್ವಿಟ್ ಶಾಲೆ ಅದು. ಹದಿನಾರರ ಸ್ಟೀಫನ್ ಗುಟ್ಟಾಗಿ ವೇಶ್ಯೆಯರ ಬೀದಿಗೆ ಹೋಗುತ್ತಾನೆ. ಶಾಲೆಯಲ್ಲಿ ಅವನೇ ಮೇರಿ ಮಾತೆಯ ಭಕ್ತಸಂಘದ ಮುಂದಾಳು. ಆ ಹೊತ್ತಿಗೆ ಅಲ್ಲಿ ಸಂತ ಫ್ರಾನ್ಸಿಸ್ ಝೇವಿಯರ್ ಹೆಸರಿನಲ್ಲಿ ಪ್ರಾರ್ಥನಾ ಶಿಬಿರ ನಡೆಯುತ್ತದೆ. ಯಾರ ಪಾರ್ಥಿವ ಶರೀರ ಹಳೇ ಗೋವಾದಲ್ಲಿದೆಯೋ ಅದೇ ಝೇವಿಯರ್. ಫಾದರ್ ಆರ್ನಾಲ್ ನರಕವನ್ನು ಬಣ್ಣಿಸುತ್ತಾರೆ: ಕತ್ತಲೆ, ದುರ್ನಾತ, ಉರಿ. ಮರಳಿನ ಬೆಟ್ಟದಿಂದ ಹಕ್ಕಿಯೊಂದು ಹತ್ತು ಲಕ್ಷ ವರ್ಷಕ್ಕೊಮ್ಮೆ ಒಂದು ಕಣ ಒಯ್ದು ಬೆಟ್ಟವನ್ನೇ ಮುಗಿಸಿದರೂ ಆ ಶಿಕ್ಷೆಯಲ್ಲಿ ಒಂದು ಕ್ಷಣವೂ ಸವೆಯುವುದಿಲ್ಲ.

ಈ ದನಿ ನಮಗೇನೂ ಹೊಸದಲ್ಲ. ಗೋರಿಯೊಳಗಿನ ಹಾವು ಚೇಳುಗಳ ವರ್ಣನೆ ಕೇಳಿ ಬಂದು, ಮುಸುಕಿನೊಳಗೆ ಕಲಿಮಾ ಹೇಳುತ್ತ ರಾತ್ರಿ ಕಳೆದ ಹುಡುಗರಲ್ಲಿ ನಾನೂ ಒಬ್ಬ.

ಶಾಲೆಯ ಪಾದ್ರಿಗಳೆದುರು ಬಾಯಿಬಿಡಲಾರದ ಸ್ಟೀಫನ್ ಬೀದಿ ಅಲೆದು, ದೂರದ ಪ್ರಾರ್ಥನಾಲಯವೊಂದರಲ್ಲಿ ಪಾಪ ನಿವೇದಿಸಿಕೊಳ್ಳುತ್ತಾನೆ. ಅಲ್ಲಿನ ಮುದಿ ಪಾದ್ರಿ ವಯಸ್ಸು ಕೇಳುತ್ತಾರೆ. ಆಮೇಲೆ ದಣಿದ, ಮೆತ್ತನೆಯ ದನಿಯಲ್ಲಿ ಬುದ್ಧಿ ಹೇಳಿ ಕಳಿಸುತ್ತಾರೆ. ನರಕದ ವರ್ಣನೆಗೆ ಪುಟಗಟ್ಟಲೆ ಜಾಗ ಸಿಕ್ಕರೆ ಈ ಕರುಣೆಗೆ ಸಿಕ್ಕಿದ್ದು ಕೆಲವೇ ಸಾಲು. ಜಾಯ್ಸ್ ಬೇಕೆಂದೇ ಹೀಗೆ ಮಾಡಿದನೋ ತಿಳಿಯದು. ಆದರೆ ಧರ್ಮಬೋಧೆ ಎಲ್ಲಿ ತೂಕ ತಪ್ಪಿತೆಂಬುದು ಇಲ್ಲಿ ಕಾಣುತ್ತದೆ.

ಅನಂತರದ ಸ್ಟೀಫನ್‌ನ ಭಕ್ತಿ ಅಂಗಡಿಯ ಜಮಾಖರ್ಚಿನಂತಿದೆ. ಪ್ರತಿ ಪ್ರಾರ್ಥನೆಯೂ ಸ್ವರ್ಗದ ಖಾತೆಗೆ ಜಮೆ. ಹೆಣ್ಣನ್ನು ನೋಡದಂತೆ ಕಣ್ಣು ತಗ್ಗಿಸುತ್ತಾನೆ, ಹಾಸಿಗೆಯಲ್ಲಿ ಮಗ್ಗುಲು ಬದಲಿಸದೆ ಮೈಯನ್ನು ದಂಡಿಸುತ್ತಾನೆ. ಇಷ್ಟೆಲ್ಲ ಆದರೂ ತಾಯಿ ಸೀನಿದರೆ ಸಿಡಿಮಿಡಿಗೊಳ್ಳುತ್ತಾನೆ! ಕಾದಂಬರಿಯ ಅತ್ಯಂತ ಹರಿತವಾದ ವಿಮರ್ಶೆ ಈ ಸಣ್ಣ ವಿವರದಲ್ಲಿದೆ. ಪಕ್ಕದಲ್ಲಿರುವ ತಾಯಿಯ ಸೀನನ್ನು ಸಹಿಸಲಾರದ ಭಕ್ತಿ ಯಾವ ದೇವರನ್ನು ಮುಟ್ಟೀತು?

ಪಾದ್ರಿಯಾಗುವ ಆಹ್ವಾನವನ್ನು ಮನಸ್ಸಿನಲ್ಲೇ ತಿರಸ್ಕರಿಸಿದ ಸ್ಟೀಫನ್‌ಗೆ ಕಡಲ ದಂಡೆಯಲ್ಲಿ, ನೀರಲ್ಲಿ ನಿಂತ ಹುಡುಗಿಯೊಬ್ಬಳು ಹಕ್ಕಿಯಂತೆ ಕಾಣುತ್ತಾಳೆ. ಆ ಆನಂದದಲ್ಲಿ ಅವನ ಆತ್ಮ ಕೂಗುವುದು ದೇವರ ಹೆಸರನ್ನೇ. ಭಯ ಕಳಚಿದೊಡನೆ ಆರಾಧನೆಯ ಭಾಷೆ ಮರಳಿತು. ಆದರೆ ಇಲ್ಲೊಂದು ಕೊರತೆಯೂ ಇದೆ. ಆ ಹುಡುಗಿಗೆ ಒಂದು ಮಾತೂ ಇಲ್ಲ. ಪಾಪವೆಂದು ಹೆದರಿದಾಗಲೂ ಸೌಂದರ್ಯವೆಂದು ಬೆರಗಾದಾಗಲೂ ಸ್ಟೀಫನ್‌ಗೆ ಹೆಣ್ಣು ಒಂದು ಸಂಕೇತ ಮಾತ್ರ. ಅವಳಿಗೂ ಮನಸ್ಸಿದೆ ಎಂಬುದು ಅವನಿಗೆ ಹೊಳೆಯುವುದಿಲ್ಲ.

ಕಾಮನೆಯ ಬಗ್ಗೆ ಹೆದರಿಸದೆ ಮಾತಾಡಲು ಧರ್ಮಕ್ಕೆ ಬರುವುದಿಲ್ಲವೇ? ಕುರ್‌ಆನಿನ ಯೂಸುಫ್ ಅಧ್ಯಾಯ ನೆನಪಾಗುತ್ತದೆ. ನೀನು ಕಾಯದಿದ್ದರೆ ನಾನೂ ಆ ಸ್ತ್ರೀಯರತ್ತ ವಾಲಿಬಿಡಬಹುದೆಂದು ಪ್ರವಾದಿ ಯೂಸುಫರೇ (ಅ) ಅಲ್ಲಾಹನಲ್ಲಿ ಮೊರೆಯಿಡುತ್ತಾರೆ. ಸೆಳೆತವನ್ನು ಒಪ್ಪಿಕೊಂಡೇ ಅವರು ರಕ್ಷಣೆ ಬೇಡುತ್ತಾರೆ. ಹದಿನಾರರ ಹುಡುಗನಿಗೆ ಈ ಪ್ರಾರ್ಥನೆಯನ್ನು ಬಿಡಿಸಿ ಹೇಳುವ ಹಿರಿಯರು ನಮ್ಮ ಮೊಹಲ್ಲಾಗಳಲ್ಲಿ ಎಷ್ಟಿದ್ದಾರೆ? ನಮ್ಮ ಮಕ್ಕಳ ಕಿವಿಗೆ ಫಾದರ್ ಆರ್ನಾಲ್‌ರ ದನಿ ದಿನವೂ ಬೀಳುತ್ತಿದೆ. ಆ ಮುದಿ ಪಾದ್ರಿಯ ದನಿಯೂ ಬೀಳಬೇಕು.