ಎರಡು ಮನೆ ಮುಂದೆ ಕೂರಬೇಡ

ಫೋನಿನಲ್ಲಿ ನನ್ನ ಜೊತೆ ಚೌಕಾಬಾರ ಆಡುತ್ತಿದ್ದ ಅಕ್ಕನ ಮಗಳು ಒಂದೇ ಸರದಿಯಲ್ಲಿ ನಾಲ್ಕು, ಎಂಟು, ಮತ್ತೆ ನಾಲ್ಕು ಹಾಕಿ ನನ್ನ ಎರಡು ಕಾಯಿ ಕಡಿದಳು. ಅವಳಿಗೆ ಖುಷಿಯೋ ಖುಷಿ. ನನಗೆ ಮಾತ್ರ ಅನುಮಾನ ಶುರುವಾಯಿತು. ಬೇಸಿಗೆ ರಜೆಯ ಮಧ್ಯಾಹ್ನಗಳನ್ನೆಲ್ಲ ಅಜ್ಜಿಯ ಎದುರು ಈ ಆಟದಲ್ಲೇ ಕಳೆದವನು ನಾನು. ಚೌಕವೋ ಬಾರವೋ ಬಿದ್ದರೆ ಪಕ್ಕದ ಮನೆಗೆ ಕೇಳುವ ಹಾಗೆ ಕೂಗುತ್ತಿದ್ದೆವು, ಅವು ಬೀಳುತ್ತಿದ್ದುದೇ ಅಪರೂಪಕ್ಕೆ. ಈ ಆ್ಯಪಿನಲ್ಲಿ ಅವು ಸರದಿ ಸರದಿಗೂ ಬೀಳುತ್ತಿದ್ದವು. ಅಂದು ರಾತ್ರಿ ಕಾಗದ ಪೆನ್ಸಿಲು ಹಿಡಿದು, ಬಿದ್ದದ್ದನ್ನೆಲ್ಲ ಗೀಟು ಎಳೆದು ಎಣಿಸುತ್ತ ಕೂತೆ. ಒಂದು, ಎರಡು, ಮೂರು, ನಾಲ್ಕು, ಎಂಟು ಐದೂ ಹೆಚ್ಚುಕಡಿಮೆ ಸಮಸಮ ಬಿದ್ದಿದ್ದವು. ತಪ್ಪು ಎಲ್ಲಿದೆ ಎಂದು ಆಗ ತಿಳಿಯಿತು.

ಚೌಕಾಬಾರದ ಮಣೆಯಲ್ಲಿ ಐದೈದಲಿ ಇಪ್ಪತ್ತೈದು ಮನೆ. ಹೊರಸುತ್ತಿನಲ್ಲಿ 16, ಒಳಸುತ್ತಿನಲ್ಲಿ 8, ನಡುವೆ ಒಂದು. ನಮ್ಮ ಬದಿಯ ನಡುಮನೆಯಿಂದ ಹೊರಟ ಕಾಯಿ ಹೊರಸುತ್ತಿನಲ್ಲಿ 15 ಮನೆ ನಡೆದು, ಒಳಕ್ಕೆ ತಿರುಗಿ, ಎದುರು ದಿಕ್ಕಿನಲ್ಲಿ 8 ಮನೆ ದಾಟಿ, ಇನ್ನೊಂದು ಹೆಜ್ಜೆಗೆ ನಡುವೆ ಸೇರಿ ಹಣ್ಣಾಗುತ್ತದೆ. ಒಟ್ಟು 24 ಹೆಜ್ಜೆ. ನಡೆಸುವುದು ನಾಲ್ಕು ಕವಡೆ. ಎಷ್ಟು ಕವಡೆಯ ಬಾಯಿ ಮೇಲಾಗಿದೆಯೋ ಅಷ್ಟು ಮನೆ. ನಾಲ್ಕೂ ಮೇಲಾದರೆ ಚೌಕ. ಒಂದೂ ಮೇಲಾಗದಿದ್ದರೆ ಬಾರ, ಎಂಟು ಮನೆ. ಏನೂ ಬೀಳದಿರುವುದಕ್ಕೇ ಎಲ್ಲಕ್ಕಿಂತ ದೊಡ್ಡ ಬೆಲೆ ಕೊಟ್ಟ ಈ ನಿಯಮ ನನಗೆ ಇಂದಿಗೂ ಬಲು ಇಷ್ಟ. ಚೌಕಕ್ಕೂ ಬಾರಕ್ಕೂ ಮತ್ತೊಂದು ಸಲ ಹಾಕುವ ಅವಕಾಶ ಉಂಟು.

ನಾಲ್ಕು ಕವಡೆ ಬೀಳುವ ಬಗೆ ಒಟ್ಟು 16. ಅದರಲ್ಲಿ ಎರಡು ಬಾಯಿ ಮೇಲಾಗುವ ಬಗೆ ಆರು. ಒಂದಕ್ಕೆ ನಾಲ್ಕು, ಮೂರಕ್ಕೆ ನಾಲ್ಕು. ಚೌಕಕ್ಕೆ ಒಂದೇ ಒಂದು, ಬಾರಕ್ಕೂ ಒಂದೇ ಒಂದು. ಆಟದ ಜೀವ ಇರುವುದು ಈ ಏರುಪೇರಿನಲ್ಲಿ. "ಎರಡು ಮನೆ ಮುಂದೆ ಕೂರಬೇಡ ಮಗ" ಎಂದು ಅಜ್ಜಿ ಹೇಳುತ್ತಿದ್ದರು. ಎದುರಾಳಿಯ ಕಾಯಿಗೆ ಸರಿಯಾಗಿ ಎರಡು ಮನೆ ಮುಂದೆ ಇದ್ದರೆ, ಅವರು ಒಂದು ಸಲ ಕವಡೆ ಹಾಕಿದಾಗ ಕಡಿಸಿಕೊಳ್ಳುವ ಸಾಧ್ಯತೆ ಹದಿನಾರಕ್ಕೆ ಆರು. ನಾಲ್ಕು ಮನೆ ಮುಂದಿದ್ದರೆ ಹದಿನಾರಕ್ಕೆ ಒಂದು. ಯಾರೂ ಕಡಿಯಲಾಗದ ಕತ್ತರಿ ಗುರುತಿನ ಮನೆ ಸಿಗದೆ ಬಯಲಲ್ಲಿ ನಿಲ್ಲಲೇಬೇಕಾದಾಗ ಅಜ್ಜಿ ನಾಲ್ಕು ಮನೆ ದೂರ ಹುಡುಕುತ್ತಿದ್ದರು, ಎರಡು ಮನೆ ಹತ್ತಿರಕ್ಕೆ ಹೋಗುತ್ತಿರಲಿಲ್ಲ. ಮುಂದೆ ಎಲ್ಲಿ ನಿಲ್ಲಬೇಕು, ಯಾರನ್ನು ಎರಡು ಮನೆ ಹಿಂದಿನಿಂದ ಹೆದರಿಸಬೇಕು, ಯಾವ ಕಾಯಿಯನ್ನು ಅಪಾಯಕ್ಕೆ ಬಿಟ್ಟು ಯಾವುದನ್ನು ಉಳಿಸಿಕೊಳ್ಳಬೇಕು, ಈ ಎಲ್ಲ ಯೋಚನೆಯೂ ಎರಡು ಹೆಚ್ಚು ಬೀಳುತ್ತದೆ ಎಂಬ ಒಂದು ತಿಳಿವಳಿಕೆಯ ಮೇಲೆ ನಿಂತಿದೆ.

ನಾನು ಆಡಿದ ಆ್ಯಪ್ ಇದನ್ನೇ ಅಳಿಸಿಹಾಕಿದೆ. ಕವಡೆ ಉರುಳುವ ಚಿತ್ರ ತೋರಿಸುತ್ತದೆ, ಸದ್ದನ್ನೂ ಮಾಡುತ್ತದೆ. ಒಳಗೆ ಮಾತ್ರ ಐದು ಚೀಟಿಯಲ್ಲಿ ಒಂದನ್ನು ಎತ್ತುತ್ತದೆ. ಹವ್ಯಾಸಕ್ಕೆಂದು ಚಿಕ್ಕಪುಟ್ಟ ಪ್ರೋಗ್ರಾಂ ಬರೆಯುವವನು ನಾನು. ಈ ಚೀಟಿ ಎತ್ತುವ ಸಾಲನ್ನು ಬರೆಯುವುದು ಎಷ್ಟು ಸುಲಭ ಎಂದು ಗೊತ್ತಿದೆ. ಪರಿಣಾಮ ಮಾತ್ರ ಚಿಕ್ಕದಲ್ಲ. ಕವಡೆಯಲ್ಲಿ ಚೌಕ ಅಥವಾ ಬಾರ ಎಂಟು ಸಲಕ್ಕೆ ಒಂದು ಸಲ ಬೀಳಬೇಕು, ಇಲ್ಲಿ ಐದಕ್ಕೆ ಎರಡು ಸಲ. ಮರುಹಾಕುವ ಅವಕಾಶವನ್ನೂ ಸೇರಿಸಿ ಲೆಕ್ಕ ಹಾಕಿದರೆ, ಕವಡೆಯಲ್ಲಿ ಒಂದು ಸರದಿಗೆ ಸರಾಸರಿ ಮೂರು ಮನೆಗೂ ಕಡಿಮೆ ನಡೆ. ಆ್ಯಪಿನಲ್ಲಿ ಆರು ಮನೆ. ಆಟ ಎರಡು ಪಟ್ಟು ಓಡುತ್ತದೆ. ಎರಡು ಮನೆ ದೂರವೂ ನಾಲ್ಕು ಮನೆ ದೂರವೂ ಒಂದೇ ಆದ ಮೇಲೆ ಅಜ್ಜಿಯ ಬುದ್ಧಿಮಾತಿಗೆ ಕವಡೆ ಕಾಸಿನ ಬೆಲೆಯೂ ಉಳಿಯುವುದಿಲ್ಲ. ಅಕ್ಕನ ಮಗಳು ಅವತ್ತು ಗೆದ್ದಳು, ಆದರೆ ಅವಳು ಎಲ್ಲಿಯೂ ಯೋಚಿಸಬೇಕಾಗಿ ಬರಲಿಲ್ಲ. ನನಗೆ ಬೇಸರವಾದದ್ದು ಅದಕ್ಕೆ.

ಆಟ ಬದಲಾಗಬಾರದು ಎಂಬ ಹಟ ನನ್ನದಲ್ಲ. ಮೈಸೂರು ದೊರೆ ಮುಮ್ಮಡಿ ಕೃಷ್ಣರಾಜ ಒಡೆಯರು ತಾವೇ ಕೂತು ಹೊಸ ಹೊಸ ಮಣೆಯಾಟಗಳನ್ನು ರಚಿಸಿದವರು. ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಆ ಮಣೆಗಳ ಚಿತ್ರಗಳಿವೆ. ಕವಡೆಯಿಂದ ಆಡುತ್ತಿದ್ದ ಪಚ್ಚೀಸಿಯನ್ನು ಇಂಗ್ಲೆಂಡಿನವರು 1896ರಲ್ಲಿ ಲುಡೋ ಎಂಬ ಹೆಸರಿನಲ್ಲಿ ಪೇಟೆಂಟ್ ಮಾಡಿಸಿದಾಗ ಕವಡೆಯನ್ನು ಕೈಬಿಟ್ಟು ಆರು ಮುಖದ ದಾಳ ತಂದರು. ಜೊತೆಗೆ ಲೆಕ್ಕವನ್ನೂ ಬದಲಿಸಿದರು: ಪಚ್ಚೀಸಿಯ ಹತ್ತು, ಇಪ್ಪತ್ತೈದು ಹೋಗಿ ಒಂದರಿಂದ ಆರು ಮಾತ್ರ ಉಳಿಯಿತು. ಹೆಸರೂ ಬೇರೆಯಾಯಿತು. ಲುಡೋ ಸಪ್ಪೆ ಎನಿಸಬಹುದು, ಆದರೆ ಅದು ತಾನು ಬೇರೆ ಆಟ ಎಂದು ಒಪ್ಪಿಕೊಂಡ ಆಟ. ಈ ಆ್ಯಪ್ ಹಾಗಲ್ಲ. ಹೆಸರು ಚೌಕಾಬಾರ, ಚಿತ್ರ ಕವಡೆಯದು, ಎಂಟಕ್ಕೆ ಬಾರ ಎಂಬ ಕೂಗೂ ಇದೆ. ಬಾರವನ್ನು ಬಾರ ಮಾಡಿದ ಅಪರೂಪ ಮಾತ್ರ ಇಲ್ಲ.

ನಿಜವಾದ ಕವಡೆಯೂ ಪೂರಾ ಸಮತೂಕದ್ದಲ್ಲ ಎಂದು ಯಾರಾದರೂ ಹೇಳಬಹುದು. ಸರಿಯೇ. ಒಂದು ಬದಿ ಡುಬ್ಬ, ಒಂದು ಬದಿ ಚಪ್ಪಟೆ. ಒಂದೊಂದು ಜೊತೆಗೂ ಒಂದೊಂದು ಗುಣ. ಬಾಯಿ ಮೇಲಾಗುವ ಸಾಧ್ಯತೆ ನೂರಕ್ಕೆ 60 ಇರುವ ಕವಡೆಗಳಾದರೆ ಚೌಕ ನೂರಕ್ಕೆ 13ರಷ್ಟು ಬೀಳುತ್ತದೆ, ಬಾರ ನೂರಕ್ಕೆ ಎರಡೂವರೆಗೆ ಇಳಿಯುತ್ತದೆ. ಆಗಲೂ ಎಲ್ಲಕ್ಕಿಂತ ಹೆಚ್ಚು ಬೀಳುವವು ನಡುವಿನ ಸಂಖ್ಯೆಗಳೇ. ನಮ್ಮ ಮನೆಯಲ್ಲಿ ಒಂದು ಹಳದಿ ಕವಡೆ ಮಗುಚಿ ಬೀಳುವುದೇ ಹೆಚ್ಚು ಎಂದು ಎಲ್ಲರಿಗೂ ಗೊತ್ತಿತ್ತು. ಎಲ್ಲರೂ ಅದೇ ನಾಲ್ಕನ್ನು ಹಾಕುತ್ತಿದ್ದುದರಿಂದ ಯಾರಿಗೂ ಅನ್ಯಾಯವಾಗುತ್ತಿರಲಿಲ್ಲ. ಓರೆಯಾಗಿ ನಿಂತ ಕವಡೆಗೆ ಜಗಳ ಆಗುತ್ತಿತ್ತು, ಮತ್ತೆ ಹಾಕುತ್ತಿದ್ದೆವು.

ಫೋನಿನ ಚೌಕಾಬಾರದಿಂದ ಒಳ್ಳೆಯದೇ ಇಲ್ಲ ಎಂದರೆ ಸುಳ್ಳಾಗುತ್ತದೆ. ದೂರದ ಊರಿನಲ್ಲಿರುವ ಅಕ್ಕನ ಜೊತೆ ಭಾನುವಾರ ಆಡಲು ನನಗೆ ಇರುವ ದಾರಿ ಅದೊಂದೇ. ಕಾಯಿ ಯಾವ ದಿಕ್ಕಿಗೆ ತಿರುಗಬೇಕೆಂದು ಗೊಂದಲವಾಗುವ ಮಕ್ಕಳಿಗೆ ಅದು ದಾರಿ ತೋರಿಸಿ ಕಲಿಸುತ್ತದೆ. ಆದರೆ ಯೋಚಿಸುವಷ್ಟರಲ್ಲಿ ಸಮಯ ಮುಗಿಯಿತೆಂದು ತಾನೇ ಕಾಯಿ ನಡೆಸಿಬಿಡುವುದು ಕೆಟ್ಟ ಅಭ್ಯಾಸ. ಅದರಲ್ಲಿ ನಿಯಮವೂ ಒಂದೇ ಬಗೆ, ಬದಲಿಸುವಂತಿಲ್ಲ. ಒಬ್ಬರನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ ಎಂಬ ಕಟ್ಟು ನಮ್ಮ ಮನೆಯಲ್ಲಿತ್ತು, ಎದುರು ಮನೆಯಲ್ಲಿ ಇರಲಿಲ್ಲ. ಆಟಕ್ಕೆ ಮೊದಲು ಮಾತಾಡಿ ಇತ್ಯರ್ಥ ಮಾಡಿಕೊಳ್ಳುತ್ತಿದ್ದೆವು. ಆ ಆಯ್ಕೆಯನ್ನು ಆ್ಯಪಿನಲ್ಲಿ ಇಡುವುದು ಕಷ್ಟದ ಕೆಲಸವೇನಲ್ಲ.

ಇಂಥ ಆಟಗಳನ್ನು ತಯಾರಿಸುವವರಲ್ಲಿ ನನ್ನ ಕೋರಿಕೆ ಇಷ್ಟೇ: ಐದರಲ್ಲಿ ಒಂದನ್ನು ಎತ್ತಬೇಡಿ. ಪ್ರೋಗ್ರಾಮಿನೊಳಗೂ ನಾಲ್ಕು ಕವಡೆಯನ್ನು ಬೇರೆ ಬೇರೆಯಾಗಿ ಉರುಳಿಸಿ, ಮೇಲಾದ ಬಾಯಿಗಳನ್ನು ಕೂಡಿಸಿ, ಮೊತ್ತ ಸೊನ್ನೆಯಾದರೆ ಎಂಟು ಎಂದು ಓದಿ. ನಾಲ್ಕೈದು ಸಾಲಿನ ಬದಲಾವಣೆ ಸಾಕು. ಆಡುವವರು ತಮ್ಮ ಫೋನಿನ ಆಟವನ್ನು ಒಂದು ಸಂಜೆ ಎಣಿಸಿ ನೋಡಿ. ನಾಲ್ಕೂ ಎಂಟೂ ಎರಡು ಬೀಳುವಷ್ಟೇ ಸಲ ಬೀಳುತ್ತಿದ್ದರೆ ಅದನ್ನು ತೆಗೆದುಹಾಕಿ. ಎರಡು ಹುಣಸೆಬೀಜ ಸೀಳಿ, ಒಂದು ಬದಿ ಬೆಳ್ಳಗಾಗುವಂತೆ ಕಲ್ಲಿನ ಮೇಲೆ ತೇಯ್ದರೆ ನಾಲ್ಕು ಕವಡೆ ಸಿದ್ಧ. ಮಣೆ ಬರೆಯಲು ಒಂದು ಸೀಮೆಸುಣ್ಣ ಬೇಕು.